ಅರ್ಧ ಜನ ಆಫೀಸಲ್ಲಿ, ಅರ್ಧ ಜನ ಊರಲ್ಲಿ: ಕಂಪನಿ ನಡೆಸುವುದು ಹೇಗೆ?

ಪ್ರಶ್ನೆ: ನಮ್ಮದು ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ಒಟ್ಟು 34 ಜನ. 11 ಜನ ಬೆಂಗಳೂರಿನ ಜಯನಗರದ ಆಫೀಸಿಗೆ ಬರುತ್ತಾರೆ. ಉಳಿದವರು ಕೋವಿಡ್ ಸಮಯದಲ್ಲಿ ಊರಿಗೆ ಹೋದವರು ಅಲ್ಲೇ ಉಳಿದರು. ಶಿರಸಿ, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ ಹೀಗೆ. ಒಬ್ಬರು ಮದುವೆಯಾಗಿ ಜರ್ಮನಿಗೆ ಹೋದರು, ಅಲ್ಲಿಂದಲೇ ಕೆಲಸ ಮಾಡುತ್ತಾರೆ. ಈಚೆಗೆ ಕೆಲಸ ನಿಧಾನವಾಗಿದೆ. ಹೇಳಿದ್ದು ಒಂದು, ಆಗುವುದು ಇನ್ನೊಂದು. ಹೊಸಬರು ಕಲಿಯುತ್ತಿಲ್ಲ. ಊರಲ್ಲಿದ್ದ ಇಬ್ಬರು ಒಳ್ಳೆಯ ಎಂಜಿನಿಯರ್‌ಗಳು ಕೆಲಸ ಬಿಟ್ಟರು. ನನ್ನ ಪಾಲುದಾರರು, ಎಲ್ಲರ ಲ್ಯಾಪ್‌ಟಾಪ್‌ಗೂ ಸ್ಕ್ರೀನ್‌ಶಾಟ್ ತೆಗೆಯುವ ಸಾಫ್ಟ್‌ವೇರ್ ಹಾಕೋಣ, ಇಲ್ಲವೇ ಎಲ್ಲರನ್ನೂ ಬೆಂಗಳೂರಿಗೆ ಕರೆಸೋಣ ಎನ್ನುತ್ತಾರೆ. ಊರಲ್ಲಿರುವವರಿಗೆ ಸಂಬಳ ಸ್ವಲ್ಪ ಕಡಿಮೆ ಮಾಡಬಹುದಾ? ಆಫೀಸಿನ ಬಾಡಿಗೆ ಕರಾರು ಮಾರ್ಚ್‌ಗೆ ಮುಗಿಯುತ್ತದೆ. ಮುಂದುವರಿಸಬೇಕಾ, ಬಿಡಬೇಕಾ?

ಉತ್ತರ: ಸ್ಕ್ರೀನ್‌ಶಾಟ್ ಸಾಫ್ಟ್‌ವೇರ್ ಹಾಕಬೇಡಿ. ಎಲ್ಲರನ್ನೂ ಬೆಂಗಳೂರಿಗೆ ಕರೆಸಲೂ ಬೇಡಿ. ನೀವು ಬರೆದದ್ದನ್ನೆಲ್ಲ ಒಟ್ಟಿಗಿಟ್ಟು ಓದಿದಾಗ ಹೊರಗಿರುವ 23 ಜನರ ಮೇಲೆ ನನಗೆ ಅನುಮಾನ ಬರಲಿಲ್ಲ. ಜಯನಗರದ ಆಫೀಸಿನ ಮೇಲೆ ಬಂತು.

ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿ, ಬಡ್ಡಿ ವರದಿಯಲ್ಲಿ ಇನ್ನೊಂದು ಕಾಲಂ ಬೇಕು ಅಂದರು ಎಂದುಕೊಳ್ಳಿ. ಫೋನ್ ಎತ್ತಿದವರು ಜಯನಗರದಲ್ಲಿದ್ದಾರೆ. ಪಕ್ಕದ ಟೇಬಲ್‌ನವರ ಜೊತೆ ಕಾಫಿಗೆ ಹೋದಾಗ ಆ ಮಾತು ಬರುತ್ತದೆ, ‘ಸರಿ, ಹಾಗೇ ಮಾಡೋಣ’ ಎಂದು ಅಲ್ಲೇ ತೀರ್ಮಾನವಾಗುತ್ತದೆ. ಆದರೆ ಆ ವರದಿಯ ಕೋಡ್ ಬರೆಯುತ್ತಿರುವವರು ಶಿರಸಿಯಲ್ಲಿದ್ದಾರೆ. ಅವರಿಗೆ ವಿಷಯ ಗೊತ್ತಾಗುವುದು ಮೂರು ದಿನ ಬಿಟ್ಟು, ಕೆಲಸ ಮುಗಿಸಿ ತೋರಿಸಿದಾಗ. ‘ಅಯ್ಯೋ, ಅದು ಬದಲಾಯಿತಲ್ಲ, ನಿಮಗೆ ಯಾರೂ ಹೇಳಲಿಲ್ವಾ?’ ಮೂರು ದಿನದ ಕೆಲಸ ಹೋಯಿತು. ನಿಮ್ಮ ಕಣ್ಣಿಗೆ ಕಾಣುವುದು ‘ಶಿರಸಿಯವರು ನಿಧಾನ’ ಎಂದು ಮಾತ್ರ. ಯಾರೂ ಸೋಮಾರಿಯಲ್ಲ, ಯಾರೂ ಬೇಕೆಂದು ಮುಚ್ಚಿಡಲಿಲ್ಲ. ಸುಮ್ನೆ, ಮಾತು ಗೋಡೆ ದಾಟಲಿಲ್ಲ. ಇಂಥದ್ದು ತಿಂಗಳಿಗೆ ನಾಲ್ಕೈದು ಸಲ ಆದರೆ ಸಾಕು, ಒಳ್ಳೆಯ ಎಂಜಿನಿಯರ್ ಬೇರೆ ಕಡೆ ನೋಡಲು ಶುರುಮಾಡುತ್ತಾರೆ. ನಿಮ್ಮ ಇಬ್ಬರು ಹೋದದ್ದಕ್ಕೂ ಇದೇ ಕಾರಣ ಇರಬಹುದು. ಅವರಿಗೊಂದು ಫೋನ್ ಮಾಡಿ ಕೇಳಿ. ಈಗ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಎಲ್ಲರೂ ಒಂದೇ ಕಡೆ ಇರುವ ಕಂಪನಿ ನಡೆಸುವುದು ಸುಲಭ. ಎಲ್ಲರೂ ಬೇರೆ ಬೇರೆ ಕಡೆ ಇರುವ ಕಂಪನಿ ನಡೆಸುವುದಕ್ಕೂ ದಾರಿ ಗೊತ್ತಾಗಿದೆ. ಅತ್ಯಂತ ಕಷ್ಟವಾದದ್ದು ನಿಮ್ಮದೇ ಸ್ಥಿತಿ, ಅಂದರೆ ನಡುವಿನದು. ಅಲ್ಲಿ ಎರಡು ಜಾತಿ ಹುಟ್ಟಿಕೊಳ್ಳುತ್ತದೆ. ಮಾಲೀಕರ ಹತ್ತಿರ ಕೂತವರು, ದೂರ ಇರುವವರು. ಇದರ ಬಗ್ಗೆ ತುಂಬಾ ಚೆನ್ನಾದ ಒಂದು ಪ್ರಯೋಗ ನಡೆದಿದೆ. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿ ಶಾಂಘೈನ ತನ್ನ ಕಾಲ್ ಸೆಂಟರ್‌ನಲ್ಲಿ 2010ರ ಕೊನೆಗೆ ಇದನ್ನು ಶುರುಮಾಡಿತು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅವರ ತಂಡ ಜೊತೆಗಿತ್ತು. ಮನೆಯಿಂದ ಕೆಲಸ ಮಾಡುತ್ತೇವೆ ಎಂದು ಮುಂದೆ ಬಂದು ಅರ್ಹರಾದವರು 249 ಜನ. ಅವರಲ್ಲಿ ಹುಟ್ಟಿದ ತಾರೀಖು ಸಮ ಸಂಖ್ಯೆ ಆದವರನ್ನು ವಾರಕ್ಕೆ ನಾಲ್ಕು ದಿನ ಮನೆಗೆ ಕಳಿಸಿದರು. ಬೆಸ ಸಂಖ್ಯೆಯವರು ಆಫೀಸಿನಲ್ಲೇ ಉಳಿದರು. ಒಂಬತ್ತು ತಿಂಗಳು ನೋಡಿದರು. ಮನೆಯಲ್ಲಿದ್ದವರ ಕೆಲಸ 13% ಹೆಚ್ಚಾಯಿತು. ಕೆಲಸ ಬಿಡುವವರ ಸಂಖ್ಯೆ ಅರ್ಧಕ್ಕೆ ಇಳಿಯಿತು.

ಎಲ್ಲರೂ ಇಷ್ಟು ಹೇಳಿ ನಿಲ್ಲಿಸುತ್ತಾರೆ. ನಿಮಗೆ ಬೇಕಾದದ್ದು ಮುಂದಿನ ಭಾಗ. ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಇಬ್ಬರನ್ನು ಹೋಲಿಸಿದರೆ, ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವ ಅವಕಾಶ ಕಡಿಮೆಯಾಗಿತ್ತು. ಪ್ರಯೋಗ ಮುಗಿದ ಮೇಲೆ ‘ಈಗ ನಿಮಗೆ ಹೇಗೆ ಬೇಕೋ ಹಾಗೆ’ ಎಂದಾಗ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಆಫೀಸಿಗೆ ವಾಪಸ್ ಬಂದರು. ಒಂಟಿತನ ಅದಕ್ಕೆ ದೊಡ್ಡ ಕಾರಣ. ಅಂದರೆ ಕೆಲಸ ಚೆನ್ನಾಗಿ ಆಗುತ್ತಿದ್ದರೂ ಮನುಷ್ಯರು ಮರೆಯಾಗುತ್ತಿದ್ದರು. ಹಾಗಾಗಿ ನೀವು ಇವತ್ತೇ ಒಂದು ಕೆಲಸ ಮಾಡಿ. ಕಳೆದ ಮೂರು ವರ್ಷದಲ್ಲಿ ಯಾರಿಗೆ ಬಡ್ತಿ ಕೊಟ್ಟಿರಿ, ಯಾರಿಗೆ ಸಂಬಳ ಜಾಸ್ತಿ ಏರಿಸಿದಿರಿ ಎಂದು ಪಟ್ಟಿ ತೆಗೆಯಿರಿ. ಅದರಲ್ಲಿ ಜಯನಗರದವರು ಎಷ್ಟು, ಹೊರಗಿನವರು ಎಷ್ಟು ಎಂದು ಎಣಿಸಿ. ನಿಮ್ಮ ಪಾಲುದಾರರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಈಗ ಮೊದಲ ಬದಲಾವಣೆ. ಜಯನಗರದಲ್ಲಿ ಕೂತವರೂ ದೂರದಲ್ಲಿದ್ದಾರೆ ಎಂದುಕೊಂಡೇ ಕಂಪನಿ ನಡೆಸಿ. ಮೀಟಿಂಗ್‌ನಲ್ಲಿ ಒಬ್ಬರು ಹೊರಗಿನಿಂದ ಸೇರುತ್ತಿದ್ದರೂ ಸಾಕು, ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಿಂದ, ತಮ್ಮ ಹೆಡ್‌ಫೋನ್ ಹಾಕಿಕೊಂಡೇ ಸೇರಬೇಕು. ಎಂಟು ಜನ ಒಂದು ಕೋಣೆಯಲ್ಲಿ ಕೂತು, ಗೋಡೆಯ ಟಿವಿಯಲ್ಲಿ ಕಲಬುರಗಿಯವರ ಸಣ್ಣ ಮುಖ ಇಟ್ಟುಕೊಂಡರೆ ಆ ಮುಖದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಕೋಣೆಯ ನಗು ಅವರಿಗೆ ಅರ್ಥವಾಗುವುದಿಲ್ಲ. ಬ್ಲಾಗ್, ಜಾಲತಾಣ ಮಾಡಿಕೊಳ್ಳುವ ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೋಮ್ಯಾಟಿಕ್ ಕಂಪನಿ 2005ರಲ್ಲಿ ಶುರುವಾದಾಗಿನಿಂದ ಹರಡಿಕೊಂಡೇ ಬೆಳೆದದ್ದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರಿಗೆ ದೊಡ್ಡ ಚೆಂದದ ಆಫೀಸ್ ಇತ್ತು. ಬರುವವರೇ ಇಲ್ಲ ಎಂದು 2017ರಲ್ಲಿ ಅದನ್ನು ಬಿಟ್ಟುಬಿಟ್ಟರು. ಎಂಜಿನಿಯರ್‌ಗಳು ಕೋಡ್ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಮಾಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಮುಖ್ಯಸ್ಥರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಕಂಪನಿ ಷೇರು ಮಾರುಕಟ್ಟೆಗೆ ಬಂದ 2021ರಲ್ಲೂ ಅವರಿಗೆ ಕೇಂದ್ರ ಕಚೇರಿ ಎಂಬುದು ಇರಲಿಲ್ಲ. ಮಾಲೀಕರೇ ದೂರ ಇದ್ದರೆ ದೂರ ಇರುವವರ ಕಷ್ಟ ತಾನಾಗಿಯೇ ಗೊತ್ತಾಗುತ್ತದೆ. ನೀವೂ ನಿಮ್ಮ ಪಾಲುದಾರರೂ ವಾರಕ್ಕೆ ಎರಡು ದಿನವಾದರೂ ಆಫೀಸಿಗೆ ಹೋಗದೆ ಕೆಲಸ ಮಾಡಿ ನೋಡಿ. ಎಲ್ಲೆಲ್ಲಿ ಮಾತು ಸೋರುತ್ತಿದೆ ಎಂದು ಒಂದೇ ತಿಂಗಳಲ್ಲಿ ಕಾಣುತ್ತದೆ.

ಎರಡನೆಯದು ಬರೆಯುವುದು. ಇದರ ಬಗ್ಗೆ ನಾನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಗಿಟ್‌ಲ್ಯಾಬ್ ತನ್ನ ಕೆಲಸದ ರೀತಿಯನ್ನೆಲ್ಲ ಒಂದು ಕೈಪಿಡಿಯಲ್ಲಿ ಬರೆದಿಟ್ಟಿದೆ. ಎರಡು ಸಾವಿರ ಪುಟಕ್ಕೂ ಜಾಸ್ತಿ. ಯಾರು ಬೇಕಾದರೂ ಅಂತರ್ಜಾಲದಲ್ಲಿ ಓದಬಹುದು. ರಜೆ ಹೇಗೆ ತೆಗೆದುಕೊಳ್ಳಬೇಕು, ಖರ್ಚಿನ ಬಿಲ್ ಎಲ್ಲಿ ಕೊಡಬೇಕು, ಕೋಡ್ ಹೇಗೆ ತಿದ್ದಬೇಕು, ಎಲ್ಲ ಅಲ್ಲಿದೆ. ನಿಮಗೆ ಅಷ್ಟು ಬೇಡ. ಆದರೆ ಆ ಕಂಪನಿ ಕಷ್ಟಕಾಲದಲ್ಲಿ ಬರವಣಿಗೆಯನ್ನು ಹೇಗೆ ಹಿಡಿದುಕೊಂಡಿತು ಎನ್ನುವುದನ್ನು ನೀವು ತಿಳಿಯಬೇಕು. 2017ರ ಜನವರಿ 31ರ ರಾತ್ರಿ ಅವರ ಎಂಜಿನಿಯರ್ ಒಬ್ಬರು ಡೇಟಾಬೇಸ್ ತೊಂದರೆ ಸರಿಮಾಡಲು ಕೂತಿದ್ದರು. ಒಂದು ಸರ್ವರ್‌ನ ಡೇಟಾ ಅಳಿಸಬೇಕಿತ್ತು. ತಪ್ಪಿ ಇನ್ನೊಂದು ಸರ್ವರ್‌ನಲ್ಲಿ, ಅಂದರೆ ಗ್ರಾಹಕರ ನಿಜವಾದ ಡೇಟಾ ಇದ್ದ ಕಡೆ, ಆ ಆದೇಶ ಕೊಟ್ಟರು. ಸುಮಾರು 300 ಜಿಬಿ. ತಡೆದು ನಿಲ್ಲಿಸುವಷ್ಟರಲ್ಲಿ ಬಹುತೇಕ ಎಲ್ಲ ಹೋಗಿತ್ತು. ಬ್ಯಾಕಪ್ ತೆಗೆಯೋಣ ಎಂದರೆ, ಇದ್ದ ಐದು ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಬ್ಯಾಕಪ್ ಆಗುತ್ತಿಲ್ಲ ಎಂದು ಎಚ್ಚರಿಸುವ ಮೇಲ್‌ಗಳು ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಆರು ಗಂಟೆ ಹಳೆಯ ಒಂದು ಪ್ರತಿ ಸಿಕ್ಕಿತು, ಅದರಿಂದ ಎಬ್ಬಿಸಿದರು.

ಆ ಹೊತ್ತಿನಲ್ಲಿ ಅವರು ಮಾಡಿದ್ದು ಏನು ಗೊತ್ತಾ? ಒಂದೇ ಒಂದು ದಾಖಲೆ ತೆರೆದರು. ಏನಾಯಿತು, ಈಗ ಏನು ಮಾಡುತ್ತಿದ್ದೇವೆ, ಏನು ಸಿಗುತ್ತಿಲ್ಲ ಎಂದು ಎಲ್ಲರೂ ಅದರಲ್ಲೇ ಬರೆದರು. ಅದನ್ನು ಗ್ರಾಹಕರಿಗೂ ತೆರೆದಿಟ್ಟರು. ಸರಿಮಾಡುವ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದರು. ಆ ಎಂಜಿನಿಯರ್‌ನ ಪೂರ್ತಿ ಹೆಸರು ಬರೆಯಲಿಲ್ಲ, ಅವರನ್ನು ಕೆಲಸದಿಂದ ತೆಗೆಯಲೂ ಇಲ್ಲ. ಬೇರೆ ಬೇರೆ ದೇಶದಲ್ಲಿ ಕೂತವರು ಆ ರಾತ್ರಿ ಒಬ್ಬರಿಗೊಬ್ಬರು ‘ಈಗ ಏನಾಯ್ತು’ ಎಂದು ಕೇಳುತ್ತಾ ಹೊತ್ತು ಕಳೆಯಬೇಕಾಗಲಿಲ್ಲ, ಯಾಕೆಂದರೆ ಎಲ್ಲರೂ ನೋಡುತ್ತಿದ್ದದ್ದು ಒಂದೇ ಹಾಳೆಯನ್ನು. ನಿಮ್ಮಲ್ಲಿ ಮಾರ್ಚ್ 31ರ ರಾತ್ರಿ ಯಾವುದೋ ಸಂಘದ ವರ್ಷದ ಲೆಕ್ಕ ತಾಳೆಯಾಗದೆ ನಿಂತಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಹದಿನೈದು ಫೋನ್, ಮೂರು ವಾಟ್ಸಾಪ್ ಗುಂಪು, ಇಬ್ಬರು ಒಂದೇ ತಪ್ಪನ್ನು ಬೇರೆ ಬೇರೆ ಕಡೆ ಕೂತು ಹುಡುಕುವುದು, ಅಲ್ವಾ? ಮುಂದಿನ ಸಲ ಮೊದಲ ಐದು ನಿಮಿಷದಲ್ಲಿ ಒಂದು ಹಾಳೆ ತೆರೆಯಿರಿ. ಅದರ ಮೇಲೆ ಗಂಟೆ ಬರೆದು ಶುರುಮಾಡಿ.

ಪ್ರತಿ ದಿನದ ತೀರ್ಮಾನಕ್ಕೂ ಇದೇ ರೀತಿ ಸಾಕು. ಎಲ್ಲರೂ ನೋಡುವ ಒಂದು ಪುಟದಲ್ಲಿ ಐದು ಸಾಲು: ಏನು ತೀರ್ಮಾನವಾಯಿತು, ಯಾಕೆ, ಯಾರು ಮಾಡುತ್ತಾರೆ, ಯಾವಾಗ, ಮತ್ತು ಏನನ್ನು ಬೇಡ ಎಂದೆವು. ಕೊನೆಯ ಸಾಲನ್ನು ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಆರು ತಿಂಗಳು ಬಿಟ್ಟು ಇನ್ಯಾರೋ ಅದೇ ಸಲಹೆ ತಂದಾಗ ಉಳಿಸುವುದು ಆ ಸಾಲೇ. ಕಾಫಿಗೆ ಹೋದಾಗ ಮಾತಾಡುವುದನ್ನು ನಿಲ್ಲಿಸಬೇಕಾಗಿಲ್ಲ. ವಾಪಸ್ ಬಂದು ಬರೆಯುವವರೆಗೂ ಅದು ತೀರ್ಮಾನವಲ್ಲ, ಬರೀ ಮಾತು, ಎನ್ನುವುದು ಎಲ್ಲರಿಗೂ ಗೊತ್ತಿದ್ದರೆ ಸಾಕು. ಇದನ್ನು ನೀವೇ ಮೊದಲು ಪಾಲಿಸಬೇಕು. ಬರೆಯದೆ ಹೇಳಿದ ನಿಮ್ಮದೇ ಮಾತನ್ನು ಶಿವಮೊಗ್ಗದ ಹುಡುಗ ‘ಸರ್, ಅದು ಪುಟದಲ್ಲಿಲ್ಲ’ ಎಂದು ತಳ್ಳಿಹಾಕಿದ ದಿನ ಸಂತೋಷಪಡಿ.

ಇಲ್ಲೊಂದು ಅಡ್ಡಿ ಇದೆ. ಅಮೆರಿಕದವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ನಮ್ಮ ಕಂಪನಿಗಳಲ್ಲಿ ಜನ ಮಾತಾಡುವುದು ಕನ್ನಡದಲ್ಲಿ, ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮಾಡಿ, ಲೆಕ್ಕಪತ್ರದ ಒಳಹೊರಗು ತಿಳಿದ ಹುಡುಗರು ಇದ್ದಾರೆ. ಫೋನಿನಲ್ಲಿ ಸಮಸ್ಯೆಯನ್ನು ಬಿಡಿಸಿ ಬಿಡಿಸಿ ಹೇಳುತ್ತಾರೆ. ‘ಇದನ್ನೇ ಬರೆದು ಹಾಕಪ್ಪಾ’ ಎಂದರೆ ಮೌನ. ವ್ಯಾಕರಣ ತಪ್ಪಿದರೆ ಎಲ್ಲರ ಮುಂದೆ ನಗೆಪಾಟಲು ಎಂಬ ಭಯ. ಅರ್ಧ ಗಂಟೆ ಕೂತು ಎರಡು ಸಾಲು ಬರೆಯುತ್ತಾರೆ, ಅದರಲ್ಲಿ ವಿಷಯವೇ ಇರುವುದಿಲ್ಲ. ಮಾಲೀಕರು ಇದನ್ನು ‘ನಮ್ಮವರಿಗೆ ಬರೆಯುವ ಅಭ್ಯಾಸ ಇಲ್ಲ’ ಎಂದುಕೊಳ್ಳುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರುತ್ತದೆ. ಗೊತ್ತಿದ್ದವರ ಬಾಯಿಯನ್ನು ನಾವೇ ಕಟ್ಟಿಹಾಕುತ್ತಿದ್ದೇವೆ.

ನಿಮ್ಮ ಗ್ರಾಹಕರು ಕನ್ನಡದವರು, ನಿಮ್ಮ ತಂಡ ಕನ್ನಡದ್ದು. ತೀರ್ಮಾನದ ಪುಟ ಕನ್ನಡದಲ್ಲೇ ಇರಲಿ. ಕೋಡ್, ಕಡತದ ಹೆಸರು, ತಾಂತ್ರಿಕ ಪದ ಹೇಗಿವೆಯೋ ಹಾಗೆ ಇರಲಿ, ಬೆರಸಿ ಬರೆಯಲಿ. ಫೋನಿನಲ್ಲಿ ಬಾಯಿಂದ ಹೇಳಿದರೆ ಕನ್ನಡದಲ್ಲಿ ಅಕ್ಷರವಾಗುವ ಸೌಲಭ್ಯ ಈಗ ಆಂಡ್ರಾಯ್ಡ್ ಕೀಬೋರ್ಡಿನಲ್ಲೇ ಇದೆ, ಅದನ್ನು ಬಳಸಲಿ. ನಾಳೆ ಕನ್ನಡ ಬಾರದ ಒಬ್ಬರು ಸೇರಿದರೆ ಯಂತ್ರದ ಅನುವಾದ ಕೆಲಸಕ್ಕೆ ಸಾಕಾಗುವಷ್ಟು ಬಂದಿದೆ. ಮೊದಲ ತಿಂಗಳು ನೀವೂ ಪಾಲುದಾರರೂ ಕನ್ನಡದಲ್ಲಿ, ಮಾತಾಡಿದ ಹಾಗೆಯೇ, ಕಾಗುಣಿತದ ಚಿಂತೆ ಬಿಟ್ಟು ಬರೆಯಿರಿ. ದೊಡ್ಡವರು ಬರೆದರೆ ಮಿಕ್ಕವರಿಗೆ ಧೈರ್ಯ ಬರುತ್ತದೆ. ಯಾರದೇ ಬರಹದ ಕಾಗುಣಿತವನ್ನು ಗುಂಪಿನಲ್ಲಿ ತಿದ್ದಬೇಡಿ.

ಬರೆಯುವ ಜಾಗ ವಾಟ್ಸಾಪ್ ಆಗಬಾರದು. ಹೊಸದಾಗಿ ಸೇರಿದವರಿಗೆ ಹಳೆಯ ಮಾತುಕತೆ ಪೂರ್ತಿ ಸಿಗುವುದಿಲ್ಲ. ಬಿಟ್ಟುಹೋದವರ ಫೋನಿನ ಜೊತೆ ಅರ್ಧ ಕಂಪನಿಯ ನೆನಪು ಹೋಗುತ್ತದೆ. ಅಕ್ಕನ ಮಗನ ನಾಮಕರಣದ ಫೋಟೊ ಪಕ್ಕದಲ್ಲೇ ಗ್ರಾಹಕರ ದೂರು ಬಂದು ಕೂತರೆ ರಾತ್ರಿ ಹತ್ತಕ್ಕೂ ಕೆಲಸ ತಲೆಯಿಂದ ಇಳಿಯುವುದಿಲ್ಲ. ವಿಷಯಕ್ಕೊಂದು ಎಳೆ ಇಟ್ಟುಕೊಳ್ಳುವ ಜೂಲಿಪ್ ಅಥವಾ ಸ್ಲ್ಯಾಕ್ ತರಹದ, ಕಂಪನಿಯೊಳಗಿನ ಮಾತುಕತೆಯ ಸಾಫ್ಟ್‌ವೇರ್ ಹಾಕಿಕೊಳ್ಳಿ. ಜೂಲಿಪ್ ಮುಕ್ತ ತಂತ್ರಾಂಶ, ನಿಮ್ಮದೇ ಸರ್ವರ್‌ನಲ್ಲಿ ಇಡಬಹುದು. ಗ್ರಾಹಕರು ವಾಟ್ಸಾಪ್‌ನಲ್ಲೇ ಬರುತ್ತಾರೆ, ಅದು ತಪ್ಪುವುದಿಲ್ಲ. ಅಲ್ಲಿ ಬಂದದ್ದನ್ನು ಅದೇ ದಿನ ಒಳಗಿನ ಜಾಗಕ್ಕೆ ತಂದು ಹಾಕುವ ಹೊಣೆ ಒಬ್ಬರಿಗೆ ಕೊಡಿ.

ಈಗ ಸ್ಕ್ರೀನ್‌ಶಾಟ್ ವಿಷಯ. ಸಿಟ್ರಿಪ್‌ನ ಕಾಲ್ ಸೆಂಟರ್‌ನಲ್ಲಿ ಒಬ್ಬರು ಎಷ್ಟು ಕರೆ ತೆಗೆದುಕೊಂಡರು ಎಂದು ಯಂತ್ರವೇ ಎಣಿಸುತ್ತಿತ್ತು. ಅಲ್ಲಿ ಎಣಿಸಿದ್ದು ಕೆಲಸವನ್ನೇ. ಸ್ಕ್ರೀನ್‌ಶಾಟ್ ಎಣಿಸುವುದು ಕೆಲಸವನ್ನಲ್ಲ, ಕೂತಿರುವುದನ್ನು. ಬಡ್ಡಿಯ ಲೆಕ್ಕ ಯಾಕೆ ಒಂದು ಪೈಸೆ ತಪ್ಪುತ್ತಿದೆ ಎಂದು ಎಂಜಿನಿಯರ್ ಅಂಗಳದಲ್ಲಿ ಓಡಾಡುತ್ತಾ ಯೋಚಿಸುವ ಇಪ್ಪತ್ತು ನಿಮಿಷ ಆ ಸಾಫ್ಟ್‌ವೇರ್‌ಗೆ ಸೋಮಾರಿತನವಾಗಿ ಕಾಣುತ್ತದೆ. ಇಲಿಯನ್ನು, ಅಂದರೆ ಕಂಪ್ಯೂಟರ್ ಮೌಸನ್ನು, ತಾನಾಗಿ ಅಲ್ಲಾಡಿಸುವ ಸಾಧನಗಳು ಮಾರಾಟಕ್ಕಿವೆ. ಕೀಬೋರ್ಡ್ ಒತ್ತಿದ ಹಾಗೆ ನಟಿಸಿದ್ದಕ್ಕೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ 2024ರಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ತೆಗೆದುಹಾಕಿತು. ನೀವು ಕೂತಿರುವುದನ್ನು ಅಳೆದರೆ ಜನ ಕೂತಿರುವುದನ್ನೇ ಕೊಡುತ್ತಾರೆ. ಇನ್ನೊಂದು ಮಾತು. ನಿಮ್ಮವರ ಪರದೆಯ ಮೇಲೆ ಸಂಘದ ಸದಸ್ಯರ ಸಾಲ, ಠೇವಣಿ, ಆಧಾರ್ ವಿವರ ಇರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅದರ ಚಿತ್ರ ತೆಗೆದು ಯಾವುದೋ ಕಂಪನಿಯ ಸರ್ವರ್‌ಗೆ ಕಳಿಸುವುದು ನಿಮ್ಮ ಗ್ರಾಹಕರಿಗೆ ಮಾಡುವ ಅನ್ಯಾಯ. 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯನ್ನು ಒಮ್ಮೆ ನಿಮ್ಮ ವಕೀಲರ ಜೊತೆ ಕೂತು ನೋಡಿ.

ಹಾಗಾದರೆ ಕೆಲಸ ನಡೆಯುತ್ತಿದೆಯಾ ಎಂದು ಹೇಗೆ ತಿಳಿಯುವುದು? ಕೆಲಸವನ್ನು ಸಣ್ಣದಾಗಿ ಒಡೆಯಿರಿ. ಎರಡು ಮೂರು ದಿನದಲ್ಲಿ ಮುಗಿದು ತೋರಿಸುವಷ್ಟು ಸಣ್ಣದು. ಶುಕ್ರವಾರ ಮಧ್ಯಾಹ್ನ ಎಲ್ಲರೂ ತಾವು ಮಾಡಿದ್ದನ್ನು ಪರದೆಯ ಮೇಲೆ ಓಡಿಸಿ ತೋರಿಸಲಿ, ಭಾಷಣ ಬೇಡ. ಮೂರನೇ ದಿನವೂ ಏನೂ ಕಾಣದಿದ್ದರೆ ಫೋನ್ ಮಾಡಿ. ‘ಯಾಕೆ ಆಗಿಲ್ಲ’ ಎಂದು ಶುರುಮಾಡಬೇಡಿ. ‘ಎಲ್ಲಿ ಸಿಕ್ಕಿಕೊಂಡಿದೆ’ ಎಂದು ಕೇಳಿ. ಹೀಗೆ ಎರಡು ತಿಂಗಳು ಮಾಡಿದರೆ ನಿಜವಾಗಿ ಕೆಲಸ ಮಾಡದವರು ಯಾರಾದರೂ ಇದ್ದರೆ ಅವರು ತಾವಾಗಿ ಕಾಣುತ್ತಾರೆ. ಅಂಥವರು ಜಯನಗರದಲ್ಲೂ ಇರಬಹುದು.

ಎಲ್ಲರನ್ನೂ ಕರೆಸುವ ಬಗ್ಗೆ ನಿಮ್ಮ ಪಾಲುದಾರರು ದೊಡ್ಡ ಕಂಪನಿಗಳನ್ನು ತೋರಿಸಬಹುದು. ಯಾಹೂ 2013ರಲ್ಲಿ ಕರೆಸಿತು, ಐಬಿಎಂ 2017ರಲ್ಲಿ. 2025ಕ್ಕೆ ನಮ್ಮ ಕಾಲು ಭಾಗ ಜನ ಮಾತ್ರ ಆಫೀಸಿನಲ್ಲಿದ್ದರೆ ಸಾಕು ಎಂದು 2020ರಲ್ಲಿ ಹೇಳಿದ್ದ ಟಿಸಿಎಸ್ ಕೂಡ 2023ರಲ್ಲಿ ಎಲ್ಲರನ್ನೂ ಕರೆಯಿತು. ಅವರ ಲೆಕ್ಕ ಬೇರೆ. ಕಾಲೇಜಿನಿಂದ ನೇರವಾಗಿ ಸಾವಿರಗಟ್ಟಲೆ ಹೊಸಬರನ್ನು ತುಂಬಿಸಿಕೊಳ್ಳುವ ಕಂಪನಿ ಅದು. ಬಿಟ್ಟುಹೋದವರ ಜಾಗಕ್ಕೆ ಸಾಲು ನಿಂತಿದೆ. ನೀವು ಕರೆಸಿದರೆ ಮೊದಲು ಹೋಗುವುದು ಬೇರೆ ಕಡೆ ಸುಲಭವಾಗಿ ಕೆಲಸ ಸಿಗುವವರು, ಅಂದರೆ ನಿಮ್ಮ ಒಳ್ಳೆಯವರೇ. ಶಿರಸಿಯಲ್ಲಿ ಅಡಿಕೆ ತೋಟ, ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಂಡು ಇರುವವರು ಬೆಂಗಳೂರಿನಲ್ಲಿ ಹಲವು ತಿಂಗಳ ಅಡ್ವಾನ್ಸ್ ಕೊಟ್ಟು ಮನೆ ಹಿಡಿಯಲು ಯಾಕೆ ಬರುತ್ತಾರೆ?

ಆದರೆ ಹೊಸಬರು ಕಲಿಯುತ್ತಿಲ್ಲ ಎಂಬ ನಿಮ್ಮ ದೂರು ನಿಜ. ಅದಕ್ಕೆ ನನ್ನ ಹತ್ತಿರ ಮನೆಯಿಂದಲೇ ಆಗುವ ಪೂರ್ತಿ ಪರಿಹಾರ ಇಲ್ಲ. ಒಂದೇ ಕಟ್ಟಡದಲ್ಲಿ ಕೂತ ಎಂಜಿನಿಯರ್‌ಗಳು ಒಬ್ಬರ ಕೋಡಿಗೆ ಇನ್ನೊಬ್ಬರು ಹೆಚ್ಚು ತಿದ್ದುಪಡಿ, ಸಲಹೆ ಬರೆಯುತ್ತಾರೆ, ಅದರ ಲಾಭ ಹೆಚ್ಚಾಗಿ ಕಿರಿಯರಿಗೆ ಸಿಗುತ್ತದೆ, ಕಲಿಸುವ ಹಿರಿಯರ ಸ್ವಂತ ಕೆಲಸ ಸ್ವಲ್ಪ ಕಡಿಮೆಯಾಗುತ್ತದೆ ಎಂದು ಅಮೆರಿಕದ ಒಂದು ದೊಡ್ಡ ಕಂಪನಿಯಲ್ಲಿ ನಡೆದ ಅಧ್ಯಯನ ತೋರಿಸಿದೆ. 2021ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಅಧ್ಯಯನವೂ ಇದಕ್ಕೆ ಹತ್ತಿರ. 61,182 ಜನರ ಮೇಲ್, ಮೀಟಿಂಗ್ ಲೆಕ್ಕ ನೋಡಿದಾಗ, ಎಲ್ಲರೂ ಮನೆಗೆ ಹೋದ ಮೇಲೆ ಜನ ತಮ್ಮದೇ ಸಣ್ಣ ಗುಂಪಿನೊಳಗೆ ಹೆಚ್ಚು ಮಾತಾಡಿದರು, ಹೊರಗಿನ ಗುಂಪಿನ ಜೊತೆ ಕಡಿಮೆ. ಹೊಸಬರಿಗೆ ಬೇಕಾದದ್ದು ಆ ಹೊರಗಿನ ಮಾತೇ.

ಹಾಗಾಗಿ ಹೊಸದಾಗಿ ಸೇರಿದವರನ್ನು ಮೊದಲ ಮೂರು ತಿಂಗಳು ಒಬ್ಬ ಹಿರಿಯರ ಪಕ್ಕದಲ್ಲಿ ಕೂರಿಸಿ. ಅದು ಬೆಂಗಳೂರೇ ಆಗಬೇಕಿಲ್ಲ. ಹುಬ್ಬಳ್ಳಿಯಲ್ಲಿ ಕಲಿಸುವ ಮನಸ್ಸಿರುವ ಹಿರಿಯರಿದ್ದರೆ ಅಲ್ಲೇ ಬೇರೆ ಬೇರೆ ಕಂಪನಿಯವರು ಸೀಟು ಬಾಡಿಗೆಗೆ ಹಿಡಿದು ಕೂರುವ ಒಂದು ಕೋ-ವರ್ಕಿಂಗ್ ಜಾಗದಲ್ಲಿ ಎರಡು ಮೂರು ಸೀಟು ತೆಗೆದುಕೊಳ್ಳಿ. ಆ ಮೂರು ತಿಂಗಳು ಹಿರಿಯರ ಕೆಲಸದ ಪಟ್ಟಿ ಕಡಿಮೆ ಮಾಡಿ, ಕಲಿಸಿದ್ದನ್ನೂ ಅವರ ಬಡ್ತಿಯ ಲೆಕ್ಕಕ್ಕೆ ಹಿಡಿಯಿರಿ. ಇಲ್ಲದಿದ್ದರೆ ಯಾರೂ ಕಲಿಸುವುದಿಲ್ಲ, ಅವರದ್ದು ತಪ್ಪೂ ಅಲ್ಲ. ಆಮೇಲೆ ಊರಿಗೆ ಹೋದ ಮೇಲೂ ದಿನಕ್ಕೆ ಒಂದು ಗಂಟೆ ಇಬ್ಬರೂ ಒಂದೇ ಪರದೆ ನೋಡುತ್ತಾ ಕೋಡ್ ಬರೆಯಲಿ. ಸೇರಿದವರೆಲ್ಲರನ್ನೂ ಮೊದಲ ಕೆಲ ವಾರ ಗ್ರಾಹಕರ ಸಹಾಯದ ಕೆಲಸಕ್ಕೆ ಹಾಕುವ ಪದ್ಧತಿ ಆಟೋಮ್ಯಾಟಿಕ್‌ನಲ್ಲಿದೆ. ನಿಮಗೆ ಅದು ಹೇಳಿ ಮಾಡಿಸಿದ್ದು. ಸಂಘದ ಗುಮಾಸ್ತರ ಹತ್ತು ಫೋನ್ ಎತ್ತಿದ ಹುಡುಗ ವರದಿಯ ಕಾಲಂ ಯಾಕೆ ಮುಖ್ಯ ಎಂದು ಮತ್ತೆ ಕೇಳುವುದಿಲ್ಲ.

ಸಂಬಳದ ವಿಷಯದಲ್ಲಿ ಕಂಪನಿಗಳು ಒಂದೇ ರೀತಿ ಇಲ್ಲ. ಗಿಟ್‌ಲ್ಯಾಬ್ ಇರುವ ಊರು ನೋಡಿ ಸಂಬಳ ನಿಗದಿ ಮಾಡಿದೆ. ಬೇಸ್‌ಕ್ಯಾಂಪ್ ಎಂಬ ಸಾಫ್ಟ್‌ವೇರ್ ಮಾಡುವ 37ಸಿಗ್ನಲ್ಸ್ ಕಂಪನಿ ಎಲ್ಲಿದ್ದರೂ ಒಂದೇ ಎಂದಿದೆ. ನಿಮಗೆ ನನ್ನ ಸಲಹೆ ಎರಡನೆಯದು. ಕರ್ನಾಟಕದ ಒಳಗೆ, ಒಂದೇ ಕೆಲಸಕ್ಕೆ ಒಂದೇ ಸಂಬಳ. ನೀವು ಕೊಳ್ಳುತ್ತಿರುವುದು ಅವರ ಕೆಲಸ, ಅವರ ಮನೆ ಬಾಡಿಗೆ ಅಲ್ಲ. ಕಡಿಮೆ ಮಾಡಿದರೆ ತಿಂಗಳಿಗೆ ಒಂದಿಷ್ಟು ಸಾವಿರ ಉಳಿಯಬಹುದು. ಆದರೆ ಶಿರಸಿಯಲ್ಲಿ ಕೂತವರಿಗೆ ಈಗ ಪುಣೆಯ ಕಂಪನಿಯೂ ಸಿಂಗಾಪುರದ ಕಂಪನಿಯೂ ಕೆಲಸ ಕೊಡುತ್ತದೆ. ಅದರ ಬದಲು ಊರಲ್ಲಿರುವವರ ನಿಜವಾದ ಖರ್ಚು ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಮರ ಬಿದ್ದು ಕರೆಂಟು ಹೋಗುವುದು, ಫೈಬರ್ ತುಂಡಾಗುವುದು ಮಾಮೂಲು. ಇನ್ವರ್ಟರ್, ಎರಡನೇ ಕಂಪನಿಯ ಇಂಟರ್‌ನೆಟ್, ಒಂದು ಒಳ್ಳೆಯ ಕುರ್ಚಿ ಇವಕ್ಕೆ ದುಡ್ಡು ಕೊಡಿ. ಮೂರು ದಿನ ನೆಟ್ ಇಲ್ಲದಿದ್ದರೆ ಪೇಟೆಯ ಲಾಡ್ಜ್‌ನಲ್ಲಿ ಕೂತು ಕೆಲಸ ಮಾಡುವ ಖರ್ಚು ಕಂಪನಿಯದ್ದು ಎಂದು ಮೊದಲೇ ಬರೆದು ಹೇಳಿ. ಕೇಳಲು ಸಂಕೋಚಪಡುವ ಜನ ನಮ್ಮವರು.

ಜರ್ಮನಿಯವರ ವಿಷಯವನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಅದೇ ಜಾಸ್ತಿ ಚಿಂತೆ. ಅಲ್ಲಿ ಕೂತು ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಅಲ್ಲಿನ ಕಾರ್ಮಿಕ ಕಾನೂನು, ಅಲ್ಲಿನ ಸಾಮಾಜಿಕ ವಿಮೆ ಅನ್ವಯಿಸುತ್ತದೆ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವು ಕೊಡಬೇಕು ಎಂಬ ನಿಯಮ ಅಲ್ಲಿದೆ. ಇಲ್ಲಿನ ಸಂಬಳದ ಪಟ್ಟಿಯಲ್ಲೇ ಇಟ್ಟು ಸುಮ್ಮನಿರುವುದು ಸರಿಯಲ್ಲ. ಕನ್ಸಲ್ಟೆಂಟ್ ಎಂದು ಬರೆದುಕೊಂಡರೂ, ಒಬ್ಬರಿಗೇ ಪೂರ್ತಿ ದಿನ ದುಡಿಯುವವರನ್ನು ಅಲ್ಲಿನವರು ನೌಕರರೆಂದೇ ನೋಡಬಹುದು. ನಿಮ್ಮ ಕಂಪನಿಗೇ ಅಲ್ಲಿ ತೆರಿಗೆ ಬೀಳುವ ಪ್ರಶ್ನೆಯೂ ಇದೆ. ನಿಮ್ಮ ಪರವಾಗಿ ಅಲ್ಲಿ ನೌಕರಿಗೆ ಇಟ್ಟುಕೊಂಡು ಸಂಬಳ, ವಿಮೆ ನೋಡಿಕೊಳ್ಳುವ ಮಧ್ಯದ ಕಂಪನಿಗಳಿವೆ, ಒಬ್ಬರಿಗೆ ಅದು ಸಾಕಾಗುತ್ತದೆ. ಮೊದಲು ಜರ್ಮನಿಯ ತೆರಿಗೆ ಸಲಹೆಗಾರರೊಬ್ಬರ ಹತ್ತಿರ ಮಾತಾಡಿ. ಸಮಯ ಮಾತ್ರ ಸುಲಭ. ಅವರ ಬೆಳಗಿನ 9 ಗಂಟೆ ನಮಗೆ ಬೇಸಿಗೆಯಲ್ಲಿ 12:30, ಚಳಿಗಾಲದಲ್ಲಿ 1:30. ಎಲ್ಲರೂ ಸೇರಬೇಕಾದ ಮಾತನ್ನು ಮಧ್ಯಾಹ್ನ 2:30ರಿಂದ 4:30ರ ಒಳಗೆ ಇಡಿ, ಉಳಿದ ಹೊತ್ತು ಯಾರನ್ನೂ ಮೀಟಿಂಗ್‌ಗೆ ಎಳೆಯಬೇಡಿ.

ಇಲ್ಲಿನ ಕಾನೂನಿನಲ್ಲಿ ಒಂದನ್ನು ಮರೆಯಬೇಡಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಮನೆಯೂ ಕೆಲಸದ ಸ್ಥಳವಾಗಬಹುದು. ಹತ್ತು ಅಥವಾ ಹೆಚ್ಚು ಜನ ಇರುವ ಕಂಪನಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ರಾತ್ರಿ ಹನ್ನೊಂದಕ್ಕೆ ಬರುವ ವಿಡಿಯೊ ಕರೆ, ಬೇಡದ ಸಂದೇಶ ಇವೂ ದೂರಿನ ವಿಷಯ. ಸಮಿತಿಯವರ ಹೆಸರು, ಫೋನ್ ನಂಬರು ಕಲಬುರಗಿಯ ಹುಡುಗಿಗೂ ಗೊತ್ತಿರಬೇಕು, ಬರೀ ಜಯನಗರದ ಗೋಡೆಯಲ್ಲಿ ಅಂಟಿಸಿದರೆ ಸಾಲದು. ವೃತ್ತಿ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದ ಆಚೆ ಯಾರನ್ನಾದರೂ ಸೇರಿಸಿಕೊಳ್ಳುವ ಮೊದಲು ನಿಮ್ಮ ಆಡಿಟರ್‌ರನ್ನು ಕೇಳಿ.

ಕೊನೆಗೆ ಬಾಡಿಗೆ. ಈಗಿನ ಜಾಗವನ್ನು ಮಾರ್ಚ್‌ಗೆ ಬಿಟ್ಟುಬಿಡಿ. ಅದರ ಬದಲು ಜಯನಗರದ ಆಸುಪಾಸಿನಲ್ಲೇ ಆರೇಳು ಜನ ಕೂರುವಷ್ಟು ಸಣ್ಣ ಜಾಗ ಹಿಡಿಯಿರಿ. 11 ಜನರಲ್ಲಿ ಕೆಲವರಿಗೆ ಮನೆಯಲ್ಲಿ ಜಾಗ ಇರುವುದಿಲ್ಲ, ಗದ್ದಲ ಇರುತ್ತದೆ, ಅವರಿಗೆ ಬೇಕು. ಹುಬ್ಬಳ್ಳಿಯಲ್ಲಿ ಮೂರು ಸೀಟು ಹೇಳಿದ್ದೆನಲ್ಲ, ಅದಕ್ಕಿಷ್ಟು. ಉಳಿದ ದುಡ್ಡನ್ನು ವರ್ಷಕ್ಕೆ ಎರಡು ಸಲ ಎಲ್ಲ 34 ಜನರನ್ನು ಸೇರಿಸಲು ಎತ್ತಿಡಿ. ಜರ್ಮನಿಯವರ ವಿಮಾನದ ಟಿಕೆಟ್ ಒಂದು ಸಲಕ್ಕಾದರೂ ಸೇರಿಸಿ. ಮೂರು ದಿನ, ಅದರಲ್ಲಿ ಎರಡು ದಿನ ಜೊತೆಗೆ ಕೂತು ನಿಜವಾದ ಕೆಲಸ, ಒಂದು ದಿನ ಸುತ್ತಾಟ. ಮಾರ್ಚ್, ಏಪ್ರಿಲ್ ನಿಮಗೆ ಲೆಕ್ಕ ಮುಗಿಸುವ ಗಡಿಬಿಡಿ, ಹಾಗಾಗಿ ಜೂನ್ ಮತ್ತು ನವೆಂಬರ್ ನೋಡಿ. ಮೊದಲ ಸಲ ಬೆಂಗಳೂರಿನಲ್ಲಿ ಬೇಡ. ಕಲಬುರಗಿಯಲ್ಲೋ ಶಿವಮೊಗ್ಗದಲ್ಲೋ ಇಡಿ, ವ್ಯವಸ್ಥೆಯ ಹೊಣೆ ಆ ಊರಿನವರಿಗೇ ಕೊಡಿ, ಜಯನಗರದ 11 ಜನ ರಾತ್ರಿ ರೈಲು ಹತ್ತಿ ಅಲ್ಲಿಗೆ ಹೋಗಲಿ.